ನಾಯಿ ಅಡ್ಡ ಬಾರದ ಟ್ರ್ಯಾಕು

ವಾಹನ ವಿಮೆಯ ಕ್ಲೇಮುಗಳನ್ನು ಪರಿಶೀಲಿಸುವುದು ನನ್ನ ಹೊಟ್ಟೆಪಾಡು. ಊರಿನವರು ಬಿದ್ದರೆ ನಮ್ಮ ಮನೆಯಲ್ಲಿ ಒಲೆ ಉರಿಯುತ್ತದೆ. ಈ ಕೆಲಸದಲ್ಲಿ ತಲೆಗೂದಲು ಕಳೆದುಕೊಂಡು ನಾನು ಕಂಡುಕೊಂಡ ಸತ್ಯ ಒಂದೇ: ಕರ್ನಾಟಕದಲ್ಲಿ ಈವರೆಗೆ ಯಾರೂ ತಾವಾಗಿಯೇ ಬೈಕಿನಿಂದ ಬಿದ್ದಿಲ್ಲ. ಎಲ್ಲರಿಗೂ ನಾಯಿ ಅಡ್ಡ ಬಂದಿದೆ. ನಡುರಾತ್ರಿ ಬಾರಿನ ಎದುರಿನ ಕಂಬಕ್ಕೆ ಗುದ್ದಿದವನಿಗೂ ನಾಯಿ, ಫ್ಲೈಓವರ್ ಮೇಲೆ ವೀಲಿಂಗ್ ಮಾಡಿದವನಿಗೂ ನಾಯಿ. ‘ಅಪಘಾತ ಹೇಗಾಯಿತು?’ ಎಂಬ ಕಾಲಮ್ಮಿನಲ್ಲಿ ನಾಯಿ ಇಲ್ಲದ ಅರ್ಜಿ ಬಂದರೆ, ಇದರಲ್ಲಿ ಏನೋ ಮೋಸವಿದೆ ಎಂದು ನಾವು ತನಿಖೆಗೆ ಆಳು ಕಳಿಸುತ್ತೇವೆ.

ತನಿಖೆಗೆ ಹೋದ ಒಂದು ಫೈಲಿನಿಂದಲೇ ನನಗೆ ಶನಿ ಹತ್ತಿದ್ದು. ಅರ್ಜಿದಾರ ನಾಯಿಯನ್ನು ಬರೆದಿದ್ದ, ಸರಿ. ಆದರೆ ಅದೇ ದಿನ ತಾನು ರೇಸ್ ಟ್ರ್ಯಾಕಿನಲ್ಲಿ ಬೈಕು ಓಡಿಸುತ್ತಿರುವ ಫೋಟೊವನ್ನು ಫೇಸ್‌ಬುಕ್ಕಿಗೂ ಹಾಕಿಕೊಂಡಿದ್ದ. ನಮ್ಮವರು ಅದನ್ನು ಪ್ರಿಂಟ್ ತೆಗೆದು ಫೈಲಿಗೆ ಲಗತ್ತಿಸಿದ್ದರು. ಪಾಲಿಸಿಯಲ್ಲಿ ‘ಬಳಕೆಯ ಮಿತಿಗಳು’ ಎಂಬ ಪ್ಯಾರಾ ಇದೆ. ಸಂಘಟಿತ ರೇಸಿಂಗ್, ವೇಗ ಪರೀಕ್ಷೆ ಇವುಗಳಿಗೆಲ್ಲ ವಿಮೆ ಇಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ನಾನು ‘ತಿರಸ್ಕರಿಸಲಾಗಿದೆ’ ಎಂದು ಸಹಿ ಹಾಕಿದೆ. ಫೈಲು ಮಾತ್ರ ಮುಚ್ಚಲಾಗಲಿಲ್ಲ. ಫೋಟೊದಲ್ಲಿ ಬೈಕು ನೆಲಕ್ಕೆ ಒರಗಿಕೊಂಡಿತ್ತು. ಸವಾರನ ಮಂಡಿ ಡಾಂಬರನ್ನು ಸವರುತ್ತಿತ್ತು. ನನ್ನ ಮಂಡಿ ಕೊನೆಯ ಸಲ ನೆಲಕ್ಕೆ ತಾಗಿದ್ದು ಗೃಹಪ್ರವೇಶದ ಪೂಜೆಯಲ್ಲಿ, ಏಳಲು ಇಬ್ಬರು ಹಿಡಿದುಕೊಳ್ಳಬೇಕಾಯಿತು.

ನಾನೂ ಟ್ರ್ಯಾಕಿನಲ್ಲಿ ಬೈಕು ಓಡಿಸಬೇಕೆಂದು ಮನೆಯಲ್ಲಿ ವಿಷಯ ಎತ್ತಿದೆ. ಬರಿಗೈಯಲ್ಲಿ ಹೋಗಬಾರದೆಂದು ಉದಾಹರಣೆಗಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. “ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ನಮ್ಮ ಬೆಂಗಳೂರಿನ ಐಶ್ವರ್ಯ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದಳು.”

ಹೆಂಡತಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. “ಅವರಿಬ್ಬರಿಗೂ ಬಿಪಿ ಮಾತ್ರೆ ಯಾವುದು ಕೊಟ್ಟಿದ್ದಾರಂತೆ, ರೀ?” ಎಂದಳು.

ಇದನ್ನು ನಾನು ಒಪ್ಪಿಗೆ ಎಂದೇ ತೆಗೆದುಕೊಂಡೆ.

ಬೆಂಗಳೂರಿನಲ್ಲಿ ಗೋ-ಕಾರ್ಟ್ ಓಡಿಸಲು ಜಾಗವಿದೆ. ಬೈಕನ್ನು ಮನಸಾರೆ ಓಡಿಸಬೇಕೆಂದರೆ ಗಡಿ ದಾಟಬೇಕು. ಕೊಯಮತ್ತೂರಿನ ಪಕ್ಕ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಸುಮಾರು 2 ಕಿಲೋಮೀಟರ್ ಉದ್ದದ್ದು. ಚೆನ್ನೈಗೆ ಸ್ವಲ್ಪ ಮೊದಲು, ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟ್ಟೈಯಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಟ್ರ್ಯಾಕ್ ಇದೆ. 1990ರಲ್ಲಿ ಶುರುವಾದದ್ದು, 3.7 ಕಿಲೋಮೀಟರ್, 12 ತಿರುವು. ಕಾವೇರಿ ವಿಷಯದಲ್ಲಿ ಏನೇ ಜಗಳವಿರಲಿ, ಬೆಂಗಳೂರಿನ ಸವಾರರಿಗೆ ಟ್ರ್ಯಾಕ್ ಬಿಡುವುದನ್ನು ತಮಿಳುನಾಡು ಯಾವತ್ತೂ ನಿಲ್ಲಿಸಿಲ್ಲ. ಇರುಂಗಾಟ್ಟುಕೋಟ್ಟೈಯಲ್ಲಿ ತಿಂಗಳ ಕೊನೆಗೆ ತರಬೇತಿ ಇದೆಯೆಂದು ತಿಳಿಯಿತು. ದುಡ್ಡು ಕಟ್ಟಿದೆ. ಆಮೇಲೆ ಬೈಕು ಹುಡುಕಲು ಹೊರಟೆ. ಮದುವೆ ಛತ್ರ ಬುಕ್ ಮಾಡಿ ಹೆಣ್ಣು ನೋಡಲು ಹೊರಡುವುದು ಎಂದರೆ ಇದೇ.

ಸಣ್ಣ ಬೈಕು ಸಾಕು ಎಂಬುದರಲ್ಲಿ ಎಲ್ಲರಿಗೂ ಒಮ್ಮತವಿತ್ತು. ಯಾವುದು ಎಂಬುದರಲ್ಲಿ ಕಚೇರಿಯ ಕ್ಯಾಂಟೀನು ಇಬ್ಭಾಗವಾಯಿತು.

ನಲವತ್ತೈದು ದಾಟಿದವರೆಲ್ಲ ಆರ್‌ಎಕ್ಸ್ 100 ಪಕ್ಷ. ಯಮಹಾದ ಈ ಗಾಡಿ 1985ರಲ್ಲಿ ಬಂತು, 1996ರಲ್ಲಿ ನಿಂತಿತು. 98 ಸಿಸಿ, 11 ಹಾರ್ಸ್‌ಪವರ್, ತೂಕ ನೂರು ಕೆಜಿಯ ಆಸುಪಾಸು. ಅದರ ಪಿಕಪ್ಪಿನ ವಿಷಯ ಬಂದರೆ ನಮ್ಮ ಕ್ಯಾಷಿಯರ್ ಕಣ್ಣು ಒದ್ದೆಯಾಗುತ್ತದೆ. ಬ್ರೇಕಿನ ವಿಷಯ ಬಂದರೆ ಎಲ್ಲರೂ ಕಾಫಿ ಕುಡಿಯತೊಡಗುತ್ತಾರೆ, ಯಾಕೆಂದರೆ ಅದರಲ್ಲಿ ಇದ್ದದ್ದು ಎರಡೂ ಕಡೆ ಡ್ರಮ್ಮು. ಆದರೂ ಮಲ್ಲೇಶ್ವರದಲ್ಲಿ ಒಂದನ್ನು ನೋಡಲು ಹೋದೆ. ಬೆಲೆ ಕೇಳಿ ಕುರ್ಚಿ ಕೇಳಿದೆ. “ಇದು ಗಾಡಿಯಲ್ಲ ಸಾರ್, ಎಮೋಷನ್ನು” ಎಂದ ಮಾರುವವನು. ಎಮೋಷನ್ನಿಗೆ ಸವಕಳಿ ಎಷ್ಟು ಕಳೆಯಬೇಕೆಂಬ ಕೋಷ್ಟಕ ನಮ್ಮ ಇಲಾಖೆಯಲ್ಲಿ ಇಲ್ಲ. ಕೈಮುಗಿದು ಬಂದೆ.

ಇನ್ನೊಂದು ಪಕ್ಷ ಯೆಜ್ಡಿಯದು. ಅದರಲ್ಲಿ ಇದ್ದವರು ಒಬ್ಬರೇ, ಮೈಸೂರಿನವರು. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದ್ದನ್ನು ಅವರು ಇನ್ನೂ ಒಪ್ಪಿಕೊಂಡಿಲ್ಲ. “ಕಿಕ್ಕರೂ ಅದೇ, ಗೇರ್ ಲಿವರೂ ಅದೇ. ಒಂದರಲ್ಲಿ ಎರಡು. ಇಂಥದ್ದು ಜಪಾನಿನವನಿಗೆ ಹೊಳೆಯಿತೇನ್ರೀ?” ಎಂದು ಕೇಳಿದರು. ಹೊಳೆದಿರಲಿಲ್ಲ ಎಂದು ಒಪ್ಪಿಕೊಂಡೆ.

ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ಶಿಫಾರಸು ನೇರವಾಗಿತ್ತು. “ಅಪ್ಪಾ, ತಗೊಳ್ಳೋದಾದ್ರೆ ಕೆಟಿಎಂ ಆರ್‌ಸಿ 390 ತಗೋ. 373 ಸಿಸಿ, 43 ಹಾರ್ಸ್‌ಪವರ್. ನೀನು ಟ್ರ್ಯಾಕಿಗೆ ಹೋಗೋ ದಿನ ಓಡಿಸು, ಮಿಕ್ಕ ದಿನ ಕಾಲೇಜಿಗೆ ನಾನು ನೋಡ್ಕೋತೀನಿ.”

ಜಗಳ ಬಿಡಿಸಿದ್ದು ನಮ್ಮ ಬೀದಿಯ ಮೆಕ್ಯಾನಿಕ್. ಅವನು ಚಿಕ್ಕಂದಿನಲ್ಲಿ ಯಾವುದೋ ರೇಸ್ ತಂಡದಲ್ಲಿ ಸ್ಪ್ಯಾನರ್ ಹಿಡಿದವನು. ಮಾತು ಕಡಿಮೆ, ಆಡಿದರೆ ಗ್ರೀಸ್ ಒರೆಸಿಕೊಂಡು ಆಡುತ್ತಾನೆ. “ದೊಡ್ಡ ಗಾಡಿ ತಪ್ಪು ಮುಚ್ಚಿ ಹಾಕುತ್ತೆ ಸಾರ್. ತಿರುವಲ್ಲಿ ಹೆದರಿ ನಿಧಾನ ಆದ್ರೂ ನೆಟ್ಟಗಿರೋ ಕಡೆ ಎಕ್ಸಲರೇಟರ್ ತಿರುವಿದ್ರೆ ಎಲ್ಲಾ ಸರಿಹೋಯ್ತು ಅನ್ನಿಸಿಬಿಡುತ್ತೆ. 150ರಲ್ಲಿ ಆ ಆಟ ನಡೆಯಲ್ಲ. ತಿರುವಲ್ಲಿ ಕಳ್ಕೊಂಡ ಸ್ಪೀಡು ವಾಪಸ್ ಬರೋಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತೆ. ಕಲಿಯೋರಿಗೆ ಅದೇ ಒಳ್ಳೇದು. ಬಿದ್ರೂ ಕಡಿಮೆ ಖರ್ಚು.”

“ನಾನ್ಯಾಕೆ ಬೀಳ್ತೀನಿ?” ಎಂದೆ. ಅವನು ಮತ್ತೆ ಗ್ರೀಸಿಗೆ ಕೈ ಹಾಕಿದ.

ಕೊನೆಗೆ ತೀರ್ಮಾನವಾದದ್ದು ಯಮಹಾ ಆರ್15, ಅದರ ಎರಡನೇ ಆವೃತ್ತಿ. ಮೊದಲನೆಯದು 2008ರಲ್ಲಿ ಬಂದಾಗ ಹಿಂದಿನ ಟೈರು ತೆಳ್ಳಗಿತ್ತು. 2011ರ ಆವೃತ್ತಿಗೆ 130 ಅಳತೆಯ ಟೈರು ಕೊಟ್ಟರು. 149 ಸಿಸಿ, ನೀರಿನಿಂದ ತಂಪಾಗುವ ಇಂಜಿನ್, 17 ಹಾರ್ಸ್‌ಪವರ್, ಆರು ಗೇರು, 136 ಕೆಜಿ. ಇಡೀ ದೇಶದಲ್ಲಿ ರೇಸ್ ಕಲಿತ ಹುಡುಗರಲ್ಲಿ ಎಷ್ಟೋ ಮಂದಿ ಇದರ ಮೇಲೇ ಕಲಿತವರು, ಹಾಗಾಗಿ ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತದೆ. ವಿಜಯನಗರದಲ್ಲಿ ಒಂದು ಸಿಕ್ಕಿತು. ನೋಡುವುದರಲ್ಲಿ ನನ್ನನ್ನು ಯಾರೂ ಏಮಾರಿಸಲಾರರು, ಅದೇ ನನ್ನ ಕಸುಬು. ಹ್ಯಾಂಡಲ್ ತುದಿ, ಫುಟ್‌ರೆಸ್ಟ್ ತುದಿ, ಸೈಲೆನ್ಸರಿನ ಹೊಟ್ಟೆ, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಫ್ರೇಮಿಗೆ ತಾಗುವ ಜಾಗ, ಫೋರ್ಕಿನ ಸೀಲು ಎಲ್ಲವನ್ನೂ ಟಾರ್ಚ್ ಹಾಕಿ ನೋಡಿದೆ. ಬಲಗಡೆ ಒಂದು ಉದ್ದನೆಯ ಗೀರು ಕಂಡಿತು.

“ಗಾಡಿ ಬಿದ್ದಿದೆಯೇನಪ್ಪಾ?”

“ಒಂದೇ ಸಲ ಸಾರ್. ನಾಯಿ ಅಡ್ಡ ಬಂತು.”

ನನ್ನವನೇ ಎನ್ನಿಸಿ ಅಲ್ಲೇ ಮುಂಗಡ ಕೊಟ್ಟೆ.

ಮೆಕ್ಯಾನಿಕ್ ಬೈಕನ್ನು ಒಂದು ಸುತ್ತು ಓಡಿಸಿ ಬಂದು ಸಿಗರೇಟ್ ಪ್ಯಾಕಿನ ಹಿಂದೆ ಪಟ್ಟಿ ಬರೆದುಕೊಟ್ಟ. ಒಳ್ಳೆಯ ಟೈರು ಒಂದು ಜೊತೆ. ಹೊಸ ಬ್ರೇಕ್ ಪ್ಯಾಡು, ಹೊಸ ಬ್ರೇಕ್ ಆಯಿಲು. ಹೊಸ ಚೈನು. ಹಿಂದಿನ ಶಾಕ್ ಅಬ್ಸಾರ್ಬರ್ ನನ್ನ ತೂಕಕ್ಕೆ ಸ್ವಲ್ಪ ಬಿಗಿ. ಪಟ್ಟಿ ಅಲ್ಲಿಗೆ ಮುಗಿದಿತ್ತು.

“ಅಷ್ಟೇನಾ?”

“ಅಷ್ಟೇ ಸಾರ್.”

ನನಗೆ ಅವಮಾನವಾಯಿತು. ಇದೆಲ್ಲ ಮಾಡಿಸಿದರೆ ಬೈಕು ನೋಡಲು ಮೊದಲಿನ ಥರವೇ ಇರುತ್ತದೆ. ಕ್ಯಾಂಟೀನಿನಲ್ಲಿ ಫೋಟೊ ತೋರಿಸಿ “ಬ್ರೇಕ್ ಆಯಿಲ್ ನೋಡ್ರೀ” ಎನ್ನಲಾಗುತ್ತದೆಯೇ? ಶನಿವಾರ ಒಬ್ಬನೇ ಜೆ.ಸಿ. ರಸ್ತೆಗೆ ಹೋದೆ.

ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವರು ಮನಶ್ಶಾಸ್ತ್ರ ಓದಿದವರು. ಬಂದವನ ಹೊಟ್ಟೆ, ಬೋಳುತಲೆ, ಕೈಯಲ್ಲಿರುವ ಕಾರಿನ ಬೀಗದ ಕೈ ನೋಡಿ, ಇವನಿಗೆ ಏನು ಕೊರತೆ ಎಂದು ಕ್ಷಣದಲ್ಲಿ ಅಳೆಯುತ್ತಾರೆ. ನನಗೆ ಕೊರತೆಯಿದ್ದದ್ದು ಸೈಲೆನ್ಸರ್ ಎಂದು ಗೊತ್ತಾಯಿತು. ಹದಿನಾಲ್ಕು ಸಾವಿರ. “ಎರಡು ಹಾರ್ಸ್‌ಪವರ್ ಜಾಸ್ತಿಯಾಗುತ್ತೆ ಸಾರ್” ಎಂದ. ಮನೆಗೆ ತಂದು ಹಾಕಿಸಿ ಸ್ಟಾರ್ಟ್ ಮಾಡಿದೆ. ಕೆಳಗಿನ ಮನೆಯ ಮಗು ಅಳತೊಡಗಿತು. ಮೇಲಿನ ಮನೆಯ ಅಜ್ಜ, ಎಷ್ಟೋ ವರ್ಷದಿಂದ ಕಿವಿ ಕೇಳದವರು, “ಯಾರದು?” ಎಂದರು.

ಮಗ ಕಾಗದ ತೆಗೆದುಕೊಂಡು ಕುಳಿತ. “ಅಪ್ಪಾ, ಗಾಳಿಯನ್ನ ಸೀಳೋಕೆ ಬೇಕಾದ ಪವರ್ ವೇಗದ ಘನದ ಲೆಕ್ಕದಲ್ಲಿ ಏರುತ್ತೆ. ವೇಗ 10 ಪರ್ಸೆಂಟ್ ಜಾಸ್ತಿ ಬೇಕು ಅಂದ್ರೆ ಪವರ್ 33 ಪರ್ಸೆಂಟ್ ಜಾಸ್ತಿ ಬೇಕು. ಅವನು ಹೇಳಿದ ಎರಡರಲ್ಲಿ ಒಂದು ಹಾರ್ಸ್‌ಪವರ್ ನಿಜ ಅಂತಲೇ ಇಟ್ಕೊ. 17 ಇದ್ದದ್ದು 18 ಆಗುತ್ತೆ. 130ರಲ್ಲಿ ಹೋಗೋ ಗಾಡಿ 132ರಲ್ಲಿ ಹೋಗುತ್ತೆ.” ಕೆಳಗೆ ಗೆರೆ ಎಳೆದ. “ಕಿಲೋಮೀಟರಿಗೆ ಏಳು ಸಾವಿರ ಬಿತ್ತು.”

ಲೆಕ್ಕ ಸರಿಯಿತ್ತು, ಆದರೆ ಮುಂದಿನ ಶನಿವಾರವೂ ಬಂತು. ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಇರುವುದನ್ನು ಕೊಂಡೆ. ಮುಂದೆ ಒಂದು ಹಲ್ಲು ಕಡಿಮೆಯಾದರೆ ಹಿಂದಿನ ಚಕ್ರಕ್ಕೆ ಮೂರು ಹಲ್ಲು ಸೇರಿಸಿದಷ್ಟು ಫಲ. ಪಿಕಪ್ ಏರುತ್ತದೆ, ಆದರೆ ಗೇರುಗಳು ಬೇಗ ಮುಗಿಯುತ್ತವೆ. ಇದರಲ್ಲಿ ಅಂಗಡಿಯವನು ಮೊದಲರ್ಧ ಮಾತ್ರ ಹೇಳಿದ್ದ. ಆಮೇಲೆ ತೂಕ ಇಳಿಸುವ ಕಾರ್ಯಕ್ರಮ. ಹಿಂದಿನ ಸೀಟು, ಸೀರೆ ಗಾರ್ಡು, ಸೈಡ್ ಸ್ಟ್ಯಾಂಡು, ಹೆಡ್‌ಲೈಟು, ಇಂಡಿಕೇಟರು, ಕನ್ನಡಿ ಎಲ್ಲ ಬಿಚ್ಚಿದೆವು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತೂಗಿ ಬರೆದುಕೊಂಡೆ.

ಹೆಂಡತಿ ಕೇಳಿದಳು, “ಕನ್ನಡಿ ಯಾಕ್ರೀ ತೆಗೆದಿರಿ?”

“ಟ್ರ್ಯಾಕಿನಲ್ಲಿ ಹಿಂದೆ ಬರೋರನ್ನ ನೋಡಬಾರದು.”

“ಅದೂ ಸರಿ ಅನ್ನಿ. ಹಿಂದೆ ಯಾರಿರ್ತಾರೆ.”

ಇಷ್ಟಕ್ಕೇ ನಿಂತಿದ್ದರೆ ನಾನು ಇವತ್ತು ಎರಡೂ ಕೈಯಲ್ಲಿ ಟೈಪ್ ಮಾಡುತ್ತಿದ್ದೆ. ಆದರೆ ಕಾಲು ಹಿಂದಕ್ಕೂ ಮೇಲಕ್ಕೂ ಹೋಗುವಂತೆ ಕೂರಿಸುವ ರೇರ್‌ಸೆಟ್ ಎಂಬ ಫುಟ್‌ರೆಸ್ಟ್ ಜೋಡಿಯನ್ನು ಕೊಂಡೆ. ಬೈಕು ಒರಗಿದಾಗ ಫುಟ್‌ರೆಸ್ಟ್ ನೆಲಕ್ಕೆ ಉಜ್ಜಬಾರದೆಂದು ಅದನ್ನು ಹಾಕುತ್ತಾರೆ. ನಾನು ಒರಗಿಸುವ ಕೋನಕ್ಕೆ ಹಾಲಿನ ಕ್ಯಾನ್ ಕಟ್ಟಿಕೊಂಡು ಹೋದರೂ ಉಜ್ಜುತ್ತಿರಲಿಲ್ಲ, ಆ ಮಾತು ಬೇರೆ. ಅದರ ಜೊತೆಗೆ, ಗೇರ್ ಲಿವರಿನ ಜೋಡಣೆಯನ್ನು ತಿರುಗಾಮುರುಗಾ ಮಾಡಬಹುದಿತ್ತು. ರೇಸಿನವರು ಹಾಗೆ ಮಾಡಿಕೊಳ್ಳುತ್ತಾರೆ: ಒಂದನೇ ಗೇರು ಮೇಲಕ್ಕೆ, ಉಳಿದವೆಲ್ಲ ಕೆಳಕ್ಕೆ. ಎಡಕ್ಕೆ ಪೂರ್ತಿ ಒರಗಿದಾಗ ಲಿವರಿನ ಕೆಳಗೆ ಕಾಲು ತೂರಿಸಲು ಜಾಗ ಇರುವುದಿಲ್ಲ, ಮೇಲಿಂದ ತುಳಿಯುವುದು ಸುಲಭ. ಕಾರಣ ಕೇಳಿ ನನಗೆ ಮೈ ಜುಮ್ಮೆಂದಿತು.

ಮೆಕ್ಯಾನಿಕ್ ಆವತ್ತು ತಾನಾಗಿಯೇ ಬಾಯಿಬಿಟ್ಟ. “ಬೇಡ ಸಾರ್. ತಲೆ ಬೇಗ ಕಲಿಯುತ್ತೆ, ಕಾಲು ಕಲಿಯಲ್ಲ.”

ನನ್ನ ಕಾಲಿನ ವಿದ್ಯಾಭ್ಯಾಸದ ಬಗ್ಗೆ ಅವನಿಗೆ ಗೊತ್ತಿರಲಿಲ್ಲ. ನಮ್ಮಪ್ಪನ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಒಂದು ಮೇಲಕ್ಕೆ, ಮೂರು ಕೆಳಕ್ಕೆ. ಮಾವನ ಸ್ಪ್ಲೆಂಡರಿನಲ್ಲಿ ಎಡಗಾಲಿಗೆ, ನಾಲ್ಕೂ ಕೆಳಕ್ಕೆ. ಈ ಯಮಹಾದಲ್ಲಿ ಒಂದು ಕೆಳಕ್ಕೆ, ಐದು ಮೇಲಕ್ಕೆ. ಇಷ್ಟೆಲ್ಲ ಕಲಿತ ಕಾಲು ಇನ್ನೊಂದನ್ನು ಕಲಿಯಲಾರದೇ ಎಂದು ಧೈರ್ಯ ಹೇಳಿಕೊಂಡು ಜೋಡಣೆ ತಿರುಗಾಮುರುಗಾ ಮಾಡಿಸಿದೆ.

ಹೀಗೆ ಸಿದ್ಧವಾದ ಬೈಕನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ರೂಪವನ್ನು ನಮಗೆ ಬೇಕಾದಂತೆ ಬದಲಾಯಿಸಬಾರದು. ಎಷ್ಟೋ ಜನರಿಗೆ ಈ ಸೆಕ್ಷನ್ ತೋರಿಸಿ ಪತ್ರ ಬರೆದವನು ನಾನು. ಹಾಗಾಗಿ ಒಂದು ಟಾಟಾ ಏಸ್ ಬಾಡಿಗೆಗೆ ಹಿಡಿದು, ಬೈಕನ್ನು ಹಗ್ಗ ಹಾಕಿ ಕಟ್ಟಿ, ಬೆಳಗಿನ ಜಾವ ಹೊರಟೆವು. ಅಮ್ಮ ಹ್ಯಾಂಡಲಿಗೆ ಕರಿದಾರದಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ಮೆಕ್ಯಾನಿಕ್ ಒಂದು ಗೋಣಿಚೀಲವನ್ನು ಮೂಲೆಗೆ ತುರುಕಿದ. ಏನೆಂದು ಕೇಳಿದರೆ “ಇರ್ಲಿ ಸಾರ್” ಎಂದ.

ಡ್ರೈವರ್ ಹೊಸೂರಿನ ಕಡೆಯವನು. ಹೆಡ್‌ಲೈಟಿಲ್ಲದ, ಕನ್ನಡಿಯಿಲ್ಲದ, ಮೈತುಂಬ ಟೇಪ್ ಸುತ್ತಿದ ಬೈಕನ್ನು ಅವನು ಕನ್ನಡಿಯಲ್ಲಿ ನೋಡುತ್ತಲೇ ಇದ್ದ. ಕೃಷ್ಣಗಿರಿ ದಾಟಿದ ಮೇಲೆ ತಡೆಯಲಾರದೆ ಕೇಳಿದ.

“ಟೋಟಲ್ ಲಾಸಾ, ಸಾರ್?”

“ಇಲ್ಲಪ್ಪ, ರೇಸ್ ಬೈಕು.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಶ್ರೀಪೆರಂಬುದೂರಲ್ಲಿ ನಮ್ಮ ಭಾವನದ್ದು ಗುಜರಿ ಇದೆ. ಒಳ್ಳೆ ರೇಟ್ ಕೊಡಿಸ್ತೀನಿ” ಎಂದ.

ದಾರಿಯಲ್ಲಿ ಆಂಬೂರು ಬರುತ್ತದೆ. ಆಂಬೂರಿನ ಬಿರಿಯಾನಿಯನ್ನು ಹಾಗೇ ದಾಟಿ ಹೋಗುವುದು ಯಾವ ಧರ್ಮದಲ್ಲೂ ಇಲ್ಲ. ಸಣ್ಣ ಅಕ್ಕಿಯ ಅನ್ನ, ಬದನೆಕಾಯಿ ಗೊಜ್ಜು. ಡ್ರೈವರಿಗೆ ಕಂಪನಿ ಕೊಡಬೇಕೆಂದು ಇನ್ನೊಂದು ಪ್ಲೇಟ್ ಹೇಳಿದೆ. ಬೈಕಿನಿಂದ ನಾಲ್ಕು ಕೆಜಿ ಇಳಿಸಿದ್ದೆವಷ್ಟೆ. ಆಂಬೂರು ದಾಟುವಾಗ ಬೈಕು ಮತ್ತು ಸವಾರನ ಒಟ್ಟು ತೂಕ ಬೆಂಗಳೂರಿನಲ್ಲಿ ಬೋಲ್ಟು ಬಿಚ್ಚುವ ಮೊದಲಿದ್ದ ಜಾಗಕ್ಕೇ ಹತ್ತಿರ ಹತ್ತಿರ ಬಂದು ನಿಂತಿತು.

ಇದರ ಪರಿಣಾಮ ಮರುದಿನ ಬೆಳಗ್ಗೆ ಗೊತ್ತಾಯಿತು. ಟ್ರ್ಯಾಕಿನಲ್ಲಿ ಕತ್ತಿನಿಂದ ಕಾಲಿನವರೆಗೆ ಚರ್ಮದ ಸೂಟು ಕಡ್ಡಾಯ. ನಾನು ಬಾಡಿಗೆಗೆ ತೆಗೆದುಕೊಂಡಿದ್ದು ‘ಎಕ್ಸೆಲ್’ ಎಂದು ಬರೆದಿದ್ದ, ಯೂರೋಪಿನಲ್ಲಿ ಯಾರಿಗೋ ಎಕ್ಸೆಲ್ ಆಗಿದ್ದ ಸೂಟು. ಜಿಪ್ಪು ಹೊಕ್ಕಳಿನವರೆಗೆ ಬಂದು ನಿಂತಿತು. ಇಬ್ಬರು ಹುಡುಗರು ಎರಡೂ ಕಡೆಯಿಂದ ಚರ್ಮವನ್ನು ಎಳೆದು ಹಿಡಿದರು, ಮೂರನೆಯವನು “ಅಂಕಲ್, ಉಸಿರು ಬಿಡಿ, ಬಿಡಿ, ತಗೋಬೇಡಿ” ಎನ್ನುತ್ತ ಜಿಪ್ಪು ಎಳೆದ. ಹಾಕಿದ ಮೇಲೆ ನೆಟ್ಟಗೆ ನಿಲ್ಲಲು ಆಗಲಿಲ್ಲ. ಆ ಸೂಟುಗಳನ್ನು ಹೊಲಿಯುವುದೇ ಬೈಕಿನ ಮೇಲೆ ಬಾಗಿ ಕೂರುವ ಭಂಗಿಗೆ. ಚೆನ್ನೈ ಬಿಸಿಲಿನಲ್ಲಿ ಬೆನ್ನು ಬಾಗಿಸಿಕೊಂಡು, ಮೊಣಕೈ ಅಗಲಿಸಿಕೊಂಡು ತಪಾಸಣೆಯ ಸಾಲಿಗೆ ನಡೆದೆ.

ತಪಾಸಣೆಯವರು ನಮ್ಮ ಇಲಾಖೆಗೆ ತಕ್ಕವರು, ಏನನ್ನೂ ನಂಬುವುದಿಲ್ಲ. ಇಂಜಿನ್ ಆಯಿಲಿನ ಬೋಲ್ಟು ಕಳಚಿ ಎಣ್ಣೆ ಚೆಲ್ಲದಂತೆ ತಂತಿ ಸುತ್ತಿದೆಯೇ ನೋಡಿದರು. ಕೂಲೆಂಟ್ ತೆಗೆದು ಬರೀ ನೀರು ತುಂಬಿದೆಯೇ ಕೇಳಿದರು, ಕೂಲೆಂಟ್ ಚೆಲ್ಲಿದರೆ ಡಾಂಬರು ಜಾರುತ್ತದೆ, ಹಿಂದೆ ಬರುವವರೆಲ್ಲ ಬೀಳುತ್ತಾರೆ. ಬ್ರೇಕ್ ಹಿಡಿದು ತಳ್ಳಿದರು. ಎಲ್ಲ ಸರಿಯಿತ್ತು. ಕೊನೆಗೆ ಹ್ಯಾಂಡಲ್ ತೋರಿಸಿ, ಕಳಚಿ ಬೀಳುವಂಥದ್ದು ಏನೂ ಇರಬಾರದು ಎಂದರು. ಅಮ್ಮನ ನಿಂಬೆಹಣ್ಣು ಅನುತ್ತೀರ್ಣವಾಯಿತು.

ಬಾವುಟಗಳ ಪಾಠವೂ ಆಯಿತು. ಹಳದಿ ಕಂಡರೆ ಮುಂದೆ ಅಪಾಯ, ಯಾರನ್ನೂ ಹಿಂದಿಕ್ಕಬೇಡಿ. ಕೆಂಪು ಕಂಡರೆ ಆಟ ನಿಂತಿತು, ನಿಧಾನವಾಗಿ ಪಿಟ್ಟಿಗೆ ಬನ್ನಿ. ನೀಲಿ ಕಂಡರೆ ನಿಮಗಿಂತ ಜೋರಾಗಿರುವವರು ಹಿಂದೆ ಬರುತ್ತಿದ್ದಾರೆ, ನಿಮ್ಮ ದಾರಿಯಲ್ಲೇ ನೆಟ್ಟಗೆ ಹೋಗಿ. ಮೊದಲ ಸುತ್ತಾಟ ಶುರುವಾಯಿತು. ಹಳದಿ ಕಾಣಲಿಲ್ಲ, ಕೆಂಪು ಕಾಣಲಿಲ್ಲ. ನೀಲಿ ಬಾವುಟದ ಹುಡುಗ ಮಾತ್ರ ನಾನು ಕಂಡಾಗಲೆಲ್ಲ ಬೀಸುತ್ತಲೇ ಇದ್ದ, ಕೊನೆಗೆ ಕೈ ಬದಲಾಯಿಸಿಕೊಂಡ. ನೆಟ್ಟಗಿನ ದಾರಿ ಮುಗಿಯುವ ಮೊದಲೇ ನನ್ನ ಗೇರುಗಳು ಮುಗಿದುಹೋದವು. ಇಂಜಿನ್ ಇನ್ನು ಸಾಧ್ಯವಿಲ್ಲವೆಂದು ಬಡಬಡಿಸಿತು. ಸೈಲೆನ್ಸರ್ ಮಾತ್ರ ತನ್ನ ಕರ್ತವ್ಯ ಮಾಡಿತು. ನಾನು ಇನ್ನೂ ಹಿಂದಿನ ತಿರುವಿನಲ್ಲಿ ಇರುವಾಗಲೇ ಇಡೀ ಪಿಟ್ಟಿಗೆ ನನ್ನ ಆಗಮನ ಗೊತ್ತಾಗುತ್ತಿತ್ತಂತೆ, ಆಮೇಲೆ ಬಹಳ ಹೊತ್ತು ಕಾಯಬೇಕಿತ್ತಂತೆ.

ನನಗೆ ಕಲಿಸಲು ಬಂದವಳು ಬೆಂಗಳೂರಿನ ಹುಡುಗಿ, ಮಗನಿಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ನಾನು ಇಳಿದವನೇ ವರದಿ ಒಪ್ಪಿಸಿದೆ: ಮುಂದಿನ ಚಕ್ರ ತಿರುಗಲು ಒಪ್ಪುತ್ತಿಲ್ಲ, ಫೋರ್ಕ್ ಬದಲಾಯಿಸಬೇಕು, ಇಂಜಿನ್ ಟ್ಯೂನಿಂಗ್ ಸಾಲದು. ನನ್ನ ಗೇರಿನ ತಿರುಗಾಮುರುಗಾ ಜೋಡಣೆ ಅವಳಿಗೆ ಮಾಮೂಲು. “ಬೈಕ್ ಕೊಡಿ ಅಂಕಲ್, ನೋಡ್ತೀನಿ” ಎಂದು ಹತ್ತಿಕೊಂಡು ಹೋದಳು.

ಅದು ನನ್ನ ಬೈಕೇ ಎಂದು ನಾನು ಸದ್ದಿನಿಂದ ಗುರುತಿಸಬೇಕಾಯಿತು. ನಾನು ಬ್ರೇಕ್ ಹಿಡಿಯುವ ಕಡೆ ಅವಳು ಹಿಡಿಯಲಿಲ್ಲ. ನಾನು ಪ್ರಾರ್ಥಿಸುವ ಕಡೆ ಅವಳು ಮಂಡಿ ಊರಿದಳು. ಅದೇ 17 ಹಾರ್ಸ್‌ಪವರಿನಲ್ಲಿ, ದೊಡ್ಡ ಬೈಕಿನವರಿಬ್ಬರನ್ನು ತಿರುವಿನ ಒಳಗಡೆಯಿಂದ ದಾಟಿ ಬಂದಳು. ಹೆಲ್ಮೆಟ್ ತೆಗೆದು, “ಬೈಕ್ ಚೆನ್ನಾಗಿದೆ ಅಂಕಲ್. ಮುಂದಿನ ಟೈರಿನ ಗಾಳಿ ನೋಡಿದಿರಾ?” ಎಂದಳು.

ಪೆಟ್ರೋಲ್ ಬಂಕಿನ ಹುಡುಗನಿಗೆ ‘ಹೈವೇಗೆ ಹೋಗ್ತೀನಿ’ ಎಂದಿದ್ದೆ, ಅವನು ಪ್ರೀತಿಯಿಂದ 36 ಪಾಯಿಂಟ್ ತುಂಬಿದ್ದ. ಬೈಕು ಟಾಟಾ ಏಸ್‌ನಲ್ಲಿ ಹೋಗುತ್ತದೆಂದು ಹೇಳಲು ಸಂಕೋಚವಾಗಿತ್ತು. ಟ್ರ್ಯಾಕಿನಲ್ಲಿ ಟೈರು ಬಿಸಿಯಾದಂತೆ ಒಳಗಿನ ಒತ್ತಡ ಇನ್ನೂ ಏರುತ್ತದೆ, ರಬ್ಬರು ನೆಲಕ್ಕೆ ಒತ್ತಿಕೊಳ್ಳುವ ಜಾಗ ಕಿರಿದಾಗುತ್ತದೆ, ಹಿಡಿತ ತಪ್ಪುತ್ತದೆ. ಅವಳು ಬೀಗದ ಕೈಯ ತುದಿಯಿಂದ ವಾಲ್ವ್ ಒತ್ತಿದಳು. ಸುಸ್ ಎಂದು ಗಾಳಿ ಹೋಗಿ 29ಕ್ಕೆ ನಿಂತಿತು. ಅಷ್ಟು ಸಾವಿರ ಸುರಿದ ಬೈಕಿಗೆ ಬೇಕಾಗಿದ್ದ ಮಾರ್ಪಾಡು ಅದು. ಬಿಲ್ಲು ಸೊನ್ನೆ.

“ಇನ್ನೊಂದು ವಿಷಯ. ಕಣ್ಣು ಮುಂದಿನ ಚಕ್ರದ ಹತ್ರ ಇಟ್ಕೋಬೇಡಿ. ಎಲ್ಲಿಗೆ ಹೋಗಬೇಕೋ ಅಲ್ಲಿಗೆ ನೋಡಿ. ಬೈಕು ಕಣ್ಣಿನ ಹಿಂದೆ ಬರುತ್ತೆ.”

ಎರಡನೇ ಸುತ್ತಾಟದಲ್ಲಿ ಬೈಕು ನಿಜವಾಗಿಯೂ ತಿರುಗತೊಡಗಿತು. ಒಂದು ತಿರುವು ಸರಿಹೋಯಿತು, ಇನ್ನೊಂದೂ ಸರಿಹೋಯಿತು. ನೀಲಿ ಬಾವುಟದವನು ಕೈ ಕಟ್ಟಿಕೊಂಡು ನಿಂತದ್ದನ್ನು ಕಣ್ಣಾರೆ ಕಂಡೆ. ಆ ಸಂತೋಷದಲ್ಲಿ ಗೇರಿನ ಧ್ಯಾನ ತಪ್ಪಿತು. ನೆಟ್ಟಗಿನ ದಾರಿಯ ಕೊನೆ, ಐದನೇ ಗೇರು, ಬ್ರೇಕ್ ಹಿಡಿದೆ, ಗೇರ್ ಇಳಿಸಲೆಂದು ಕಾಲು ತಾನಾಗಿಯೇ ಕೆಳಕ್ಕೆ ತುಳಿಯಿತು. ಅದು ಇಳಿಯಲಿಲ್ಲ, ಆರಕ್ಕೆ ಏರಿತು. ಇಂಜಿನ್ನಿನ ತಡೆ ಹೋಗಿ ಬೈಕು ಹಗುರಾಗಿ ಮುಂದೆ ತೇಲಿತು. ಇನ್ನೊಮ್ಮೆ ತುಳಿದೆ. ಏಳನೇ ಗೇರು ಇರಲಿಲ್ಲ. ಆಗ ಟ್ರ್ಯಾಕಿನಾಚೆಯ ಮಣ್ಣು ಕಂಡಿತು. ಅದನ್ನೇ ನೋಡಿದೆ. ಹುಡುಗಿ ಹೇಳಿದ್ದು ಅಕ್ಷರಶಃ ನಿಜ, ಬೈಕು ಕಣ್ಣಿನ ಹಿಂದೆಯೇ ಬಂತು.

ಮಣ್ಣಿನಲ್ಲಿ ಕುಣಿದು ಕುಪ್ಪಳಿಸಿ ವೇಗವೆಲ್ಲ ಸತ್ತುಹೋಯಿತು. ಗಂಟೆಗೆ ಐದು ಕಿಲೋಮೀಟರ್ ಇದ್ದಿರಬಹುದು. ಬಚಾವಾದೆ ಎಂದು ಕಾಲು ಊರಲು ಹೋದೆ. ಸೂಟಿನಲ್ಲಿ ಕಾಲು ಅಷ್ಟು ದೂರ ಚಾಚಲಿಲ್ಲ. ಬೈಕೂ ನಾನೂ ಒಟ್ಟಿಗೆ, ಯಾವ ಅವಸರವೂ ಇಲ್ಲದೆ, ಎಡಕ್ಕೆ ಮಲಗಿದೆವು. ಮಾರ್ಷಲ್‌ಗಳು ಓಡಿ ಬಂದರು. ಆಗ ಮೊದಲ ಬಾರಿಗೆ ಹಳದಿ ಬಾವುಟ ಕಂಡೆ. ಸುತ್ತ ನೋಡಿದೆ. ಕಣ್ಣು ಹರಿಯುವವರೆಗೆ ಒಂದೇ ಒಂದು ನಾಯಿ ಇರಲಿಲ್ಲ.

ಎಡ ಮಣಿಕಟ್ಟು ಉಳುಕಿತ್ತು. ರೇರ್‌ಸೆಟ್ಟಿನ ಕಡ್ಡಿ ಮುರಿದಿತ್ತು. ಸೈಲೆನ್ಸರಿನ ಬಾಯಿಗೆ ಮಣ್ಣು ತುಂಬಿತ್ತು. ಪಿಟ್ಟಿಗೆ ತಳ್ಳಿಕೊಂಡು ಬಂದು ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವನು ಏನಾಯಿತೆಂದು ಕೇಳಲೇ ಇಲ್ಲ. “ಗೋಣಿಚೀಲ ಬಿಚ್ಚಿ ಸಾರ್” ಎಂದ. ಬಿಚ್ಚಿದೆ. ಬೈಕಿನ ಹಳೆಯ ಫುಟ್‌ರೆಸ್ಟು, ಹಳೆಯ ಗೇರ್ ಲಿವರು, ಹಳೆಯ ಸ್ಪ್ರಾಕೆಟ್ಟು, ಹಳೆಯ ಸೈಲೆನ್ಸರ್, ಅವುಗಳ ಬೋಲ್ಟುಗಳು ಬೇರೆ ಬೇರೆ ಪೊಟ್ಟಣದಲ್ಲಿ, ಎಣ್ಣೆ ಸವರಿ.

ಟಾಟಾ ಏಸ್ ಡ್ರೈವರೂ ಕೈ ಹಾಕಿದ. ಊಟದ ಹೊತ್ತಿಗೆ ಬೈಕು ಮತ್ತೆ ಕಂಪನಿಯಿಂದ ಬಂದಾಗಿನ ಬೈಕಾಯಿತು. ಟ್ರ್ಯಾಕಿನ ವೈದ್ಯರು ಕೈ ನೋಡಿ, ಪಟ್ಟಿ ಸುತ್ತಿ, ನಿಧಾನವಾಗಿ ಆದರೆ ಹೋಗಿ ಎಂದರು. ಆ ಷರತ್ತು ನನಗೆ ಕಷ್ಟವಾಗಲಿಲ್ಲ. ಮಧ್ಯಾಹ್ನ ಅದೇ ಹಳೆಯ ಗೇರು, ಅದೇ ಮಂದ ಸದ್ದು. ತುಳಿದರೆ ಇಳಿಯಿತು, ಎತ್ತಿದರೆ ಏರಿತು. ತಲೆಯಲ್ಲಿ ತಿರುವೊಂದನ್ನು ಬಿಟ್ಟು ಬೇರೇನೂ ಉಳಿಯಲಿಲ್ಲ. ಬೆಳಗಿಗಿಂತ ಬಹಳ ಜೋರಾಗಿ ಹೋದೆನೆಂದು ಹುಡುಗಿಯೇ ಹೇಳಿದಳು. ಒಬ್ಬರನ್ನು ಹಿಂದಿಕ್ಕಿದೆ ಕೂಡ. ಅವರ ಚೈನು ಕಳಚಿತ್ತು ಎಂಬುದು ಆಮೇಲೆ ತಿಳಿಯಿತು, ಆದರೆ ಹಿಂದಿಕ್ಕುವಾಗ ನನಗೆ ಗೊತ್ತಿರಲಿಲ್ಲವಲ್ಲ.

ಸೋಮವಾರ ಪಟ್ಟಿ ಸುತ್ತಿದ ಕೈಯಲ್ಲಿ ಕಚೇರಿಗೆ ಹೋದೆ. ನಾನೇ ಕೆಲಸ ಕಲಿಸಿದ ಹುಡುಗ ಎದುರಿಗೆ ಬಂದು ನಿಂತ. “ಏನಾಯ್ತು ಸಾರ್?” ನಾನು ಬಾಯಿ ತೆರೆದೆ. ಅವನೇ ತಗ್ಗಿದ ದನಿಯಲ್ಲಿ “ನಾಯಿನಾ ಸಾರ್?” ಎಂದು ಕೇಳಿ, ಉತ್ತರಕ್ಕೆ ಕಾಯದೆ ತನ್ನ ಮೇಜಿಗೆ ಹೋದ.

ಇಷ್ಟಾದ ಮೇಲೆ ಟ್ರ್ಯಾಕಿಗೆ ಹೊರಡುವವರಿಗೆ ಎರಡು ಮಾತು ಹೇಳುವ ಅಧಿಕಾರ ನನಗೆ ಬಂದಿದೆ ಎಂದುಕೊಂಡಿದ್ದೇನೆ. ಸಣ್ಣ ಬೈಕೇ ಕೊಳ್ಳಿ, ಎಲ್ಲೆಡೆ ಬಿಡಿಭಾಗ ಸಿಗುವಂಥದ್ದು. ಮೊದಲ ದುಡ್ಡು ಕಲಿಸುವವರಿಗೆ. ಎರಡನೆಯದು ಹೆಲ್ಮೆಟ್, ಸೂಟು, ಗ್ಲೌಸು, ಬೂಟಿಗೆ, ಅದೂ ನಿಮ್ಮ ಅಳತೆಯದಕ್ಕೆ. ಮೂರನೆಯದು ಟೈರಿಗೆ ಮತ್ತು ಬ್ರೇಕ್ ಪ್ಯಾಡಿಗೆ. ಗಾಳಿಯ ಒತ್ತಡ ನೋಡುವ ಒಂದು ಗೇಜು ಇಟ್ಟುಕೊಳ್ಳಿ. ಆಂಬೂರಿನಲ್ಲಿ ಬರುವಾಗ ನಿಲ್ಲಿಸಿ, ಹೋಗುವಾಗ ಬೇಡ. ಇಷ್ಟರ ಮೇಲೆ ದುಡ್ಡು ಉಳಿದು ಸೈಲೆನ್ಸರ್ ಕೊಳ್ಳಲೇಬೇಕು ಅನ್ನಿಸಿದರೆ ನನ್ನ ಹತ್ತಿರ ಒಂದಿದೆ, ಮಣ್ಣು ತೊಳೆದಿದ್ದೇನೆ, ಚೌಕಾಸಿಗೆ ಅವಕಾಶವಿದೆ.

ಕೊನೆಯದಾಗಿ, ನಿಮ್ಮ ಪಾಲಿಸಿಯಲ್ಲಿ ‘ಬಳಕೆಯ ಮಿತಿಗಳು’ ಎಂಬ ಪ್ಯಾರಾವನ್ನು ಹೊರಡುವ ಮೊದಲು ಓದಿಕೊಳ್ಳಿ. ಅದನ್ನು ಬರೆದವನು ನಾನಲ್ಲ. ಆದರೆ ನಿಮ್ಮ ಅರ್ಜಿ ಬಂದರೆ ತಿರಸ್ಕರಿಸಿ ಸಹಿ ಹಾಕುವವನು ನಾನೇ, ಬಲಗೈ ನೆಟ್ಟಗೇ ಇದೆ.